ಜೋಡಿ ಕಟ್ಟಿದವರು ಯಾರು?

ಸಂಪಾದಕರು ಕೇಳಿದ್ದು ಎಂದಿನ ಬರಹ. ಪುಣೆಯ ಹೊರವಲಯದ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ ಶನಿವಾರ ರಾತ್ರಿ ನಡೆದ ಎಂಎಂಎ ಕಾರ್ಡಿನ ಎಂಟು ಪಂದ್ಯಗಳ ವಿಮರ್ಶೆ, ಒಂದೊಂದಕ್ಕೂ ಐದರಲ್ಲಿ ಇಷ್ಟು ಅಂತ ಅಂಕ, ಕೊನೆಯಲ್ಲಿ 'ರಾತ್ರಿಯ ನಾಕೌಟ್' ಯಾವುದು ಅಂತ ಒಂದು ಷರಾ. ಇಂಥವನ್ನು ಇಲ್ಲಿ ಹಿಂದೆಯೂ ಬರೆದಿದ್ದೇನೆ. ನೀವು ಓದಿದ್ದೀರಿ, ಕೆಲವರು ಮೆಚ್ಚಿ ಪತ್ರ ಬರೆದಿದ್ದೀರಿ. ಈ ಸಲವೂ ಎಂಟು ಪಂದ್ಯಗಳನ್ನೂ ವಿಮರ್ಶಿಸುತ್ತೇನೆ. ಆದರೆ ಅಂಕ ಕೊಡುವುದು ಆಡಿದ ಹುಡುಗ ಹುಡುಗಿಯರಿಗಲ್ಲ. ಯಾಕೆ ಅನ್ನುವುದೇ ಈ ಲೇಖನ.

ಮೊದಲು ಪಂದ್ಯಗಳು.

ಒಂದನೆಯದು ಅಮೆಚೂರ್ ಪಂದ್ಯ, 57 ಕಿಲೋ, ಮೂರು ನಿಮಿಷದ ಮೂರು ಸುತ್ತು. ಇಬ್ಬರೂ ಕಾಲೇಜು ಹುಡುಗರು. ಒಬ್ಬನಿಗೆ ಕಾಲಿನ ಹೊಡೆತ ಚೆನ್ನಾಗಿತ್ತು, ಇನ್ನೊಬ್ಬನಿಗೆ ಹಿಡಿತ. ಮೊದಲ ಸುತ್ತು ಒಬ್ಬನದು, ಎರಡನೆಯದು ಇನ್ನೊಬ್ಬನದು, ಮೂರನೆಯದು ಯಾರದ್ದೂ ಆಗಬಹುದಿತ್ತು. ಜನ ಇನ್ನೂ ಬಂದು ಕೂರುತ್ತಿದ್ದರು. ನೋಡಿದವರು ಅವರಿಬ್ಬರ ಅಪ್ಪ ಅಮ್ಮಂದಿರು ಮತ್ತು ನಾವು ನಾಲ್ಕೈದು ಜನ.

ಎರಡನೆಯದು 61 ಕಿಲೋ. ಎರಡನೇ ಸುತ್ತಿನಲ್ಲಿ ಆರ್ಮ್‌ಬಾರ್. ಕೆಳಗೆ ಬಿದ್ದವನೇ ಮೇಲಿದ್ದವನ ತೋಳು ಎಳೆದು ತೊಡೆಗಳ ನಡುವೆ ಸಿಕ್ಕಿಸಿದ. ಮೇಲಿದ್ದವನು ತಡಮಾಡದೆ ತಟ್ಟಿದ, ರೆಫರಿ ತಡಮಾಡದೆ ಬಿಡಿಸಿದ. ಸೋತವನು ಎದ್ದು ನಗುತ್ತ ಮೊಣಕೈ ಮಡಚಿ ಬಿಡಿಸಿ ನೋಡಿಕೊಂಡ. ಆಟ ಅಂದರೆ ಇದು.

ಮೂರನೆಯದು ಹೆಂಗಸರ ಪಂದ್ಯ, 52 ಕಿಲೋ. ಇಡೀ ರಾತ್ರಿಯಲ್ಲಿ ಅತಿ ಒಳ್ಳೆಯ ಪಂದ್ಯ ಅದು. ಹದಿನೈದು ನಿಮಿಷ ಇಬ್ಬರೂ ನಿಲ್ಲಲಿಲ್ಲ. ಒಬ್ಬಳು ಮುಂದೆ ಮುಂದೆ ನುಗ್ಗಿ ಪಂಜರಕ್ಕೆ ಒತ್ತುತ್ತಿದ್ದಳು, ಇನ್ನೊಬ್ಬಳು ಹಿಂದೆ ಸರಿಯುತ್ತಲೇ ಅವಳಿಗಿಂತ ಹೆಚ್ಚು, ಅವಳಿಗಿಂತ ಗಟ್ಟಿ ಪೆಟ್ಟು ಕೊಡುತ್ತಿದ್ದಳು. ಫಲಿತಾಂಶ ಸ್ಪ್ಲಿಟ್ ಡಿಸಿಷನ್, ಹಿಂದೆ ಸರಿದವಳಿಗೆ. ಜನ ಕೂಗಾಡಿದರು. ಅರ್ಧ ಜನ ಪಂದ್ಯವನ್ನೇ ನೋಡಿರಲಿಲ್ಲ, ವಡಾಪಾವ್ ತರಲು ಹೋಗಿದ್ದರು.

ನಾಲ್ಕನೆಯದು 70 ಕಿಲೋ. ಮೂವತ್ತೆಂಟು ಸೆಕೆಂಡ್. ಇದಕ್ಕೆ ಆಮೇಲೆ ಬರುತ್ತೇನೆ.

ಐದನೆಯದರಲ್ಲಿ ಒಬ್ಬ ಮಣ್ಣಿನ ಕುಸ್ತಿಯಿಂದ ಬಂದವನು, ಇನ್ನೊಬ್ಬ ಬಾಕ್ಸರ್. ಪೈಲ್ವಾನ ಪ್ರತಿ ಸುತ್ತಿನಲ್ಲೂ ಮೊದಲ ನಿಮಿಷದೊಳಗೆ ಕಾಲು ಹಿಡಿದು ಕೆಡವಿದ, ಮೇಲೆ ಕೂತ, ಎದುರಾಳಿ ಏಳಲು ಮಾಡಿದ ಪ್ರತಿ ಯತ್ನಕ್ಕೂ ಒಂದೊಂದು ಉತ್ತರ ಕೊಟ್ಟ, ಸಂದು ಸಿಕ್ಕಾಗ ಮೊಣಕೈಯಿಂದ ಕುಟ್ಟಿದ. 'ಎದ್ದು ಹೊಡಿ' ಅಂತ ಜನ ಶಿಳ್ಳೆ ಹಾಕಿದರು. ನಿರೂಪಕರೂ 'ಸ್ವಲ್ಪ ಬೋರಿಂಗ್' ಅಂದರು. ಒಬ್ಬ ಪ್ರಬಲ ಬಾಕ್ಸರನಿಗೆ ಹದಿನೈದು ನಿಮಿಷದಲ್ಲಿ ಒಂದು ನೆಟ್ಟಗಿನ ಗುದ್ದನ್ನೂ ಹೊಡೆಯಲು ಬಿಡದಿರುವುದು ಬೋರಿಂಗ್ ಆದರೆ, ಚೆಸ್ ಕೂಡ ಬೋರಿಂಗೇ.

ಆರನೆಯದರಲ್ಲಿ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ವೈದ್ಯರು ಪಂಜರದೊಳಗೆ ಬಂದು ನೋಡಿ ನಿಲ್ಲಿಸಿದರು. ಜನ ವೈದ್ಯರಿಗೇ ಬೈದರು. ಅಲ್ಲಿ ಹೊಲಿಗೆ ಹಾಕಲು ಇದ್ದವರೂ ಅವರೊಬ್ಬರೇ, ಮುಂದಿನ ಪಂದ್ಯಕ್ಕೆ ಪಂಜರದ ಪಕ್ಕ ಕೂರಬೇಕಾದವರೂ ಅವರೊಬ್ಬರೇ.

ಏಳನೆಯದು ಒಂಬತ್ತು ಗೆಲುವಿನವನಿಗೂ ಮೊದಲ ಸಲ ಪಂಜರ ಹತ್ತಿದವನಿಗೂ. ಒಂದು ನಿಮಿಷದ ಆಸುಪಾಸಿನಲ್ಲಿ ಗಿಲೊಟಿನ್, ಅಂದರೆ ಎದುರಿನಿಂದ ಕತ್ತನ್ನು ಕಂಕುಳಿಗೆ ಸೇರಿಸಿ ಬಿಗಿಯುವ ಪಟ್ಟು. ಹೊಸಬನಿಗೆ ತಟ್ಟಬೇಕು ಅನ್ನುವುದೂ ನೆನಪಾಗಲಿಲ್ಲ, ಪ್ರಜ್ಞೆ ತಪ್ಪಿದ ಮೇಲೆ ರೆಫರಿ ಬಿಡಿಸಿದರು.

ಎಂಟನೆಯದು ಪಟ್ಟಕ್ಕಾಗಿ, ಐದು ಸುತ್ತಿನದು. ನಾಲ್ಕನೆಯದರಲ್ಲಿ ಮುಗಿಯಿತು. ಇಬ್ಬರೂ ಸರಿಸಮ, ಇಬ್ಬರೂ ದಣಿದಿದ್ದರು. ದಣಿವಿನಲ್ಲೂ ತಲೆ ಕೆಲಸ ಮಾಡಿದವನು ಗೆದ್ದ. ಬೆನ್ನು ಹತ್ತಿ ಕುತ್ತಿಗೆ ಬಿಗಿದ. ಚಪ್ಪಾಳೆಗೆ ಅರ್ಹವಾದ ಪಂದ್ಯ, ಚಪ್ಪಾಳೆ ಸಿಕ್ಕಿತು.

ಎಂಟರಲ್ಲಿ ಆರು ಒಳ್ಳೆಯ ಪಂದ್ಯಗಳು. ಮರುದಿನ ಮೊಬೈಲುಗಳಲ್ಲಿ ಓಡಾಡಿದ್ದು ಮಾತ್ರ ಉಳಿದ ಎರಡು: ಆ ಮೂವತ್ತೆಂಟು ಸೆಕೆಂಡ್ ಮತ್ತು ಆ ಗಿಲೊಟಿನ್. ನನ್ನ ತಕರಾರು ಇಲ್ಲಿಂದ ಶುರು.

ದಾವಣಗೆರೆಯಲ್ಲಿ ನಾನು ಹುಡುಗನಾಗಿದ್ದಾಗ ಸೋದರಮಾವ ನನ್ನನ್ನು ಜಾತ್ರೆ ಕುಸ್ತಿಗಳಿಗೆ ಕರೆದುಕೊಂಡು ಹೋಗುತ್ತಿದ್ದ. ಅವನು ಕುಸ್ತಿ ಬಿಟ್ಟು ವರ್ಷಗಳಾಗಿದ್ದವು. ಅಖಾಡದಲ್ಲಿ ಅವನಿಗಿದ್ದ ಕೆಲಸ ಜೋಡಿ ಕಟ್ಟುವುದು. ಕುಸ್ತಿ ಹಿಡಿಯಲು ಬಂದ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಹೆಗಲು ನೋಡಿ, ಕತ್ತಿನ ದಪ್ಪ ನೋಡಿ, ಯಾವ ಗರಡಿ, ಯಾರ ಕೈಯಲ್ಲಿ ಕಲಿತೆ, ಎಷ್ಟು ಕುಸ್ತಿ ಹಿಡಿದಿದ್ದೀಯ ಅಂತ ಕೇಳಿ, ಇವನಿಗೆ ಇವನು ಅಂತ ಇಬ್ಬರ ಕೈ ಸೇರಿಸುತ್ತಿದ್ದ. ಮೈಸೂರು ದಸರಾ ಕುಸ್ತಿಗೂ ಹೀಗೇ. ಪಂದ್ಯಾವಳಿಗೆ ಮುಂಚೆಯೇ ಜೋಡಿ ಕಟ್ಟುವ ಕಾರ್ಯಕ್ರಮ ಅಂತಲೇ ಬೇರೆ ನಡೆಯುತ್ತದೆ, ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಜೋಡಿ ತಪ್ಪಿದರೆ ಜನ ಬೈಯುತ್ತಿದ್ದದ್ದು ಸೋತ ಹುಡುಗನಿಗಲ್ಲ. 'ಯಾವನಯ್ಯಾ ಈ ಜೋಡಿ ಕಟ್ಟಿದ್ದು?' ಅಂತ ಕೂಗು ಏಳುತ್ತಿತ್ತು, ನನ್ನ ಮಾವ ತಲೆ ತಗ್ಗಿಸುತ್ತಿದ್ದ. ಹಾಗೆ ಒಂದು ಸಲ ಆಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವತ್ತು ರಾತ್ರಿ ಅವನು ಸರಿಯಾಗಿ ಊಟ ಮಾಡಲಿಲ್ಲ.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಜಾತ್ರೆ ಕುಸ್ತಿಯಲ್ಲೂ ಒಳಒಪ್ಪಂದಗಳಿದ್ದವು. ಕೆಲವು ಗರಡಿಗಳಿಗೆ ಎಲ್ಲ ಜಾತಿಯ ಹುಡುಗರಿಗೂ ಪ್ರವೇಶವಿರಲಿಲ್ಲ. ಆದರೆ ಒಂದು ತಿಳಿವಳಿಕೆ ಅಲ್ಲಿತ್ತು: ಕುಸ್ತಿ ಶುರುವಾಗುವುದು ಅಖಾಡದಲ್ಲಲ್ಲ, ಜೋಡಿ ಕಟ್ಟುವಲ್ಲಿ. ಅದು ಕೆಟ್ಟರೆ ಆಮೇಲೆ ನಡೆಯುವುದು ಕುಸ್ತಿಯೇ ಅಲ್ಲ.

ಇನ್ನೊಂದು ಮಾತು. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಬೋಳಿಸಿದ ತಲೆ, ಬೆರಳಿಗೆ ಮೊನಚಾದ ಮುಷ್ಟಿ. ನೋಡಲು ನಮ್ಮ ಎಂಎಂಎಗಿಂತ ಭಯಂಕರ. ಆದರೆ ಅದು ಮುಗಿಯುವುದು ಮೊದಲ ಹನಿ ರಕ್ತಕ್ಕೆ. ಯಾವಾಗ ನಿಲ್ಲಿಸಬೇಕು ಅನ್ನುವುದು ಆ ಕಾಳಗದ ಒಳಗೇ ಇದೆ. ಶನಿವಾರ ಹುಬ್ಬು ಒಡೆದವನನ್ನು ಕಾಪಾಡಿದ ವೈದ್ಯರಿಗೆ ಬೈದವರಲ್ಲಿ ನನ್ನ ಸಾಲಿನಲ್ಲಿ ಕೂತಿದ್ದ ಇಬ್ಬರು ಕನ್ನಡದವರೂ ಇದ್ದರು.

ಈಗ ನಾಲ್ಕನೇ ಪಂದ್ಯ.

ಮೂವತ್ತೆಂಟು ಸೆಕೆಂಡಿನಲ್ಲಿ ಸೋತವನು ವಿಜಯಪುರ ಕಡೆಯವನು. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದಾಗ ಇವನು ಚಿಕ್ಕವನು. ಈಗ ಒಂದು ಜಿಮ್ಮಿನಲ್ಲಿ ಟ್ರೇನರ್. ಎದುರಾಳಿಗೆ ಹನ್ನೊಂದು ಪಂದ್ಯಗಳ ಅನುಭವ, ಇವನಿಗೆ ಒಂದರದು. ಗಂಟೆ ಬಾರಿಸಿತು, ಎರಡು ಕಾಲೊದೆತ ತಿಂದ, ಕೈ ಕೆಳಗೆ ಬಂತು, ಬಲಗೈ ಹುಕ್ ದವಡೆಗೆ ಬಿತ್ತು. ಅವನು ಬೀಳುವ ಮೊದಲೇ ಪ್ರಜ್ಞೆ ಹೋಗಿತ್ತು. ಬಿದ್ದ ಮೇಲೆ ಇನ್ನೆರಡು ಗುದ್ದು ಬಿದ್ದವು. ಸಭೆ ಎದ್ದು ನಿಂತು ಕುಣಿಯಿತು. ಸಂಗೀತ ಹಾಕಿದರು.

ಏಳನೇ ಪಂದ್ಯದ ಹೊತ್ತಿಗೆ ನಾನು ಹಿಂಬದಿಯ ಮೆಟ್ಟಿಲ ಕಡೆ ಹೋದೆ. ಐಸ್ ಚೀಲ ಹಿಡಿದು ಒಬ್ಬನೇ ಕೂತಿದ್ದ. ಕನ್ನಡದಲ್ಲಿ ಮಾತಾಡಿಸಿದೆ. ಮುಖ ಅರಳಿತು.

"ಮಂಗಳವಾರ ಸಂಜಿಮುಂದ ಫೋನ್ ಬಂತ್ರಿ ಅಣ್ಣಾ. ಆಡಾಂವಗ ಪೆಟ್ಟಾಗೇತಿ, ನೀ ಆಡ್ತಿಯೇನು ಅಂದ್ರು. ಒಲ್ಲೆ ಅಂದ್ರ ಮತ್ತ ಕರಿಯೂದಿಲ್ಲ ಅಂತ ಹೂಂ ಅಂದೆ."

"ತೂಕ?"

"ಎಪ್ಪತ್ತಾರ ಇದ್ದೆರಿ. ಶುಕ್ರವಾರ ಮುಂಜಾನಿ ಎಪ್ಪತ್ತಕ್ಕ ಇಳಿಸೀನಿ. ಬುಧವಾರ ರಾತ್ರಿಯಿಂದ ನೀರ ಬಿಟ್ಟಿದ್ದೆ."

ಎರಡೂವರೆ ದಿನದಲ್ಲಿ ಆರು ಕಿಲೋ. ಕೊಬ್ಬು ಹಾಗೆ ಇಳಿಯುವುದಿಲ್ಲ, ಇಳಿಯುವುದು ಮೈಯ ನೀರು. ತೂಕದ ನಂತರ ಕುಡಿದು ತಿಂದು ಕಿಲೋ ಮರಳಿ ಬರುತ್ತದೆ. ಆದರೆ ಅಷ್ಟು ಬತ್ತಿದ ಮೈ ಒಂದೇ ದಿನದಲ್ಲಿ ಪೂರ್ತಿ ಸುಧಾರಿಸುತ್ತದೆ ಅಂತ ನಂಬುವ ವೈದ್ಯರು ಸಿಗುವುದು ಕಷ್ಟ. ಅಂಥ ಮೈಯ ಮೇಲಿನ ತಲೆಗೇ ಮರುದಿನ ಪೆಟ್ಟು ಬೀಳುತ್ತದೆ. ಇದು ನನ್ನ ಕಲ್ಪನೆಯ ಭಯವಲ್ಲ. 2015ರ ಡಿಸೆಂಬರಿನಲ್ಲಿ ಮನಿಲಾದಲ್ಲಿ ಒನ್ ಚಾಂಪಿಯನ್‌ಶಿಪ್ ಪಂದ್ಯಕ್ಕೆ ತೂಕ ಇಳಿಸುತ್ತಿದ್ದ ಚೀನಾದ ಯಾಂಗ್ ಜಿಯಾನ್ ಬಿಂಗ್ ಪಂಜರ ಹತ್ತುವ ಮೊದಲೇ ಸತ್ತ. ಅವನಿಗೆ 21 ವರ್ಷ. ಆಮೇಲೆ ಆ ಸಂಸ್ಥೆ ನೀರು ಬತ್ತಿಸಿ ತೂಕ ಇಳಿಸುವುದನ್ನು ನಿಷೇಧಿಸಿ, ಮೈಯಲ್ಲಿ ನೀರಿನಂಶ ಸರಿಯಿದೆಯೇ ಅಂತ ಪರೀಕ್ಷಿಸುವ ನಿಯಮ ತಂದಿತು. ಒಂದು ಸಾವು ಬೇಕಾಯಿತು. ನಮ್ಮ ಊರಿನ ಕಾರ್ಡುಗಳು ಯಾವ ಸಾವಿಗೆ ಕಾಯುತ್ತಿವೆ?

ಮಾತಿನ ನಡುವೆ ಹುಡುಗ "ಅಣ್ಣಾ, ಈಗ ಎಷ್ಟನೇ ಪಂದ್ಯ ನಡದೈತ್ರಿ?" ಅಂತ ಕೇಳಿದ. ಏಳನೆಯದು ಅಂದೆ. ಎರಡು ನಿಮಿಷ ಬಿಟ್ಟು ಅದನ್ನೇ ಕೇಳಿದ. ಮತ್ತೆ ಎರಡು ನಿಮಿಷ ಬಿಟ್ಟು ಇನ್ನೊಮ್ಮೆ. ಮೂರನೇ ಸಲ ನನಗೆ ಭಯವಾಯಿತು. ವೈದ್ಯರು ಒಬ್ಬರೇ, ಅವರು ಒಳಗೆ. ಹುಡುಗ ಗೆಳೆಯನ ಬೈಕಿನಲ್ಲಿ ಹಿಂದೆ ಕೂತು ಮನೆಗೆ ಹೋಗುವ ಯೋಚನೆಯಲ್ಲಿದ್ದ. ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ, ಸ್ಕ್ಯಾನ್ ಆಯಿತು. ಅದೃಷ್ಟಕ್ಕೆ ರಕ್ತಸ್ರಾವವಿರಲಿಲ್ಲ. ಮಿದುಳಿಗೆ ಆಘಾತವಾಗಿದೆ, ಪೂರ್ತಿ ವಿಶ್ರಾಂತಿ ಬೇಕು ಅಂದರು. ಅವನು ಕೇಳಿದ್ದು ಒಂದೇ ಪ್ರಶ್ನೆ. ಮುಂದಿನ ತಿಂಗಳ ಕಾರ್ಡಿಗೆ ಬಾ ಅಂದಾರ, ಹೋಗಬಹುದೋ ಇಲ್ಲೋ?

ಪಂಜರದ ಪಕ್ಕ ಕೂತಿದ್ದ ಯಾರೂ ಅವನಿಗೆ 'ಇಷ್ಟು ದಿನ ಆಡಬಾರದು' ಅಂತ ಹೇಳಿರಲಿಲ್ಲ. ಅಮೆರಿಕದಲ್ಲಿ ರಾಜ್ಯದ ಅಥ್ಲೆಟಿಕ್ ಕಮಿಷನ್ ನಾಕೌಟ್ ಆದವರಿಗೆ ದಿನ ಲೆಕ್ಕ ಹಾಕಿ ವೈದ್ಯಕೀಯ ಅಮಾನತು ಹಾಕುತ್ತದೆ, ಒಂದು ರಾಜ್ಯ ಹಾಕಿದ್ದನ್ನು ಇನ್ನೊಂದು ರಾಜ್ಯ ಮಾನ್ಯ ಮಾಡುತ್ತದೆ. ನಮ್ಮಲ್ಲಿ ಕಾನೂನಿನ ಬಲವಿರುವ ಅಂಥ ಕಮಿಷನ್ ಇಲ್ಲ. ಒಬ್ಬ ಆಯೋಜಕ ಬೇಡ ಅಂದರೂ ಇನ್ನೊಬ್ಬ ಇನ್ನೊಂದು ಊರಲ್ಲಿ ಬಾ ಅನ್ನಬಹುದು.

2022ರ ಜುಲೈನಲ್ಲಿ ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ ಯುವಕನೊಬ್ಬ ತಲೆಗೆ ಪೆಟ್ಟು ಬಿದ್ದು ಕುಸಿದ, ಕೆಲವು ದಿನಗಳಲ್ಲೇ ಆಸ್ಪತ್ರೆಯಲ್ಲಿ ತೀರಿಕೊಂಡ. ಅಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಮನೆಯವರು ದೂರಿದರು, ಆಯೋಜಕರ ಮೇಲೆ ಪ್ರಕರಣ ದಾಖಲಾಯಿತು. ಅದು ಎಂಎಂಎ ಅಲ್ಲ ನಿಜ. ಆದರೆ ಆ ಹುಡುಗನೂ ಮೆಟ್ಟಿಲ ಮೇಲೆ ಐಸ್ ಹಿಡಿದು ಕೂತ ಈ ಹುಡುಗನೂ ಒಂದೇ ಸಾಲಿನಲ್ಲಿ ನಿಂತವರು. ಆ ಸುದ್ದಿ ಬಂದಾಗ ನಾನೇನು ಬರೆದೆ? ಏನೂ ಇಲ್ಲ. ಅದು ವಿಮರ್ಶೆಯ ವಿಷಯ ಅನ್ನಿಸಿರಲಿಲ್ಲ.

ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದ್ದೇನೆ. ಕಳೆದ ವರ್ಷ ಇದೇ ಜಾಗದಲ್ಲಿ ಹನ್ನೊಂದು ಸೆಕೆಂಡಿನ ಒಂದು ನಾಕೌಟಿಗೆ ಐದಕ್ಕೆ ಐದು ಕೊಟ್ಟಿದ್ದೆ. 'ಸಿಡಿಲು' ಅಂತ ಬರೆದಿದ್ದೆ. ಬಿದ್ದವನಿಗೆ ಎಷ್ಟು ಪಂದ್ಯಗಳ ಅನುಭವವಿತ್ತು, ಎಷ್ಟು ದಿನ ಮುಂಚೆ ಕರೆದಿದ್ದರು, ಎಷ್ಟು ತೂಕ ಇಳಿಸಿದ್ದ, ಒಂದನ್ನೂ ಕೇಳಿರಲಿಲ್ಲ. ಸಿಡಿಲಿಗೆ ಕಾರಣ ಕೇಳುವುದಿಲ್ಲವಲ್ಲ. ಆ ಪದದ ಅನುಕೂಲವೇ ಅದು.

ಆಯೋಜಕನಿಗೆ ಬೇಕಾದದ್ದು ಇಂಥ ವಿಮರ್ಶಕ. ಅವನ ಲೆಕ್ಕ ಸರಳ. ಸರಿಸಮ ಜೋಡಿ ಕಟ್ಟಿದರೆ ಪಂದ್ಯ ಹದಿನೈದು ನಿಮಿಷ ಹೋಗಬಹುದು, ತೀರ್ಪಿಗೆ ಬೀಳಬಹುದು, ಜನ ವಡಾಪಾವಿಗೆ ಎದ್ದು ಹೋಗಬಹುದು. ಹನ್ನೊಂದು ಪಂದ್ಯದವನ ಎದುರು ಒಂದು ಪಂದ್ಯದವನನ್ನು ನಿಲ್ಲಿಸಿದರೆ ಮೂವತ್ತು ಸೆಕೆಂಡಿನ ವಿಡಿಯೋ ಗ್ಯಾರಂಟಿ. ಅವನು ಮಾರುವುದು ಪಂದ್ಯವನ್ನಲ್ಲ, ಆ ವಿಡಿಯೋವನ್ನು. ನಾವು ಅದಕ್ಕೆ ಐದಕ್ಕೆ ಐದು ಕೊಟ್ಟಾಗಲೆಲ್ಲ ಅವನು ಮುಂದಿನ ಜೋಡಿಯನ್ನು ಇನ್ನಷ್ಟು ಕೆಡಿಸಲು ಧೈರ್ಯ ಮಾಡುತ್ತಾನೆ.

ಇದು ಇವತ್ತಿನ ರೋಗವೂ ಅಲ್ಲ. 2012ರ ಮಾರ್ಚ್ 11ರಂದು ಮುಂಬೈಯ ಅಂಧೇರಿ ಕ್ರೀಡಾ ಸಂಕೀರ್ಣದಲ್ಲಿ ರಾಜ್ ಕುಂದ್ರಾ, ಸಂಜಯ್ ದತ್ ಸೇರಿ ಕಟ್ಟಿದ ಸೂಪರ್ ಫೈಟ್ ಲೀಗಿನ ಮೊದಲ ಕಾರ್ಡ್ ನಡೆಯಿತು. ಭಾರತದಲ್ಲಿ ಎಂಎಂಎಯನ್ನು ದೊಡ್ಡ ಮಟ್ಟದಲ್ಲಿ ತೋರಿಸಲು ಹೊರಟ ರಾತ್ರಿ ಅದು. ಮುಖ್ಯ ಪಂದ್ಯಕ್ಕೆ ಕರೆಸಿದ್ದು ಅಮೆರಿಕದ ಬಾಬ್ ಸ್ಯಾಪ್ ಮತ್ತು ಇಂಗ್ಲೆಂಡಿನ ಜೇಮ್ಸ್ ಥಾಂಪ್ಸನ್ ಅವರನ್ನು. ಸ್ಯಾಪ್ ಎಂಬ ದೈತ್ಯ ಆ ಹೊತ್ತಿಗೆ ಬೇಗ ಸೋಲುವುದಕ್ಕೇ ಹೆಸರಾಗಿದ್ದ. ಅವತ್ತೂ ಮೊದಲ ಸುತ್ತಿನಲ್ಲೇ ಕಾಲು ನೋವಾಗಿ ಕೈಚೆಲ್ಲಿದ. ಅದೇ ಕಾರ್ಡಿನಲ್ಲಿ ಆಡಿದ ಭಾರತದ ಹುಡುಗರ ಹೆಸರು ಇವತ್ತು ಎಷ್ಟು ಜನರಿಗೆ ನೆನಪಿದೆ? ದೈತ್ಯ ನೆನಪಿದ್ದಾನೆ. ನಾವು ಆಟ ಕಲಿಯುವ ಮೊದಲು ತಮಾಷೆ ನೋಡಲು ಕಲಿತೆವು.

ಆದರೂ ಹುಡುಗರು ಬಂದರು. ಭರತ್ ಕಂದಾರೆ 2017ರ ನವೆಂಬರಿನಲ್ಲಿ ಶಾಂಘೈಯಲ್ಲಿ ಯುಎಫ್‌ಸಿ ಪಂಜರ ಹತ್ತಿದರು. ಸಾಂಗ್ ಯಾಡಾಂಗ್ ಎದುರು ಮೊದಲ ಸುತ್ತಿನಲ್ಲೇ ಗಿಲೊಟಿನ್‌ಗೆ ಸೋತರು. ಅಂಶುಲ್ ಜುಬ್ಲಿ 'ರೋಡ್ ಟು ಯುಎಫ್‌ಸಿ' ಗೆದ್ದು 2023ರಲ್ಲಿ ಒಪ್ಪಂದ ಪಡೆದರು, ಅದೇ ಅಕ್ಟೋಬರಿನಲ್ಲಿ ಅಬುಧಾಬಿಯಲ್ಲಿ ಮೈಕ್ ಬ್ರೀಡನ್ ಎದುರು ಮೂರನೇ ಸುತ್ತಿನಲ್ಲಿ ನಾಕೌಟ್ ಆದರು. 2025ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಕ್ವಿಲನ್ ಸಾಲ್ಕಿಲ್ಡ್ ಎದುರು 19 ಸೆಕೆಂಡಿನಲ್ಲಿ ಸೋತರು. ಆ 19 ಸೆಕೆಂಡನ್ನು ನೋಡದವರಿಲ್ಲ. ಬ್ರೀಡನ್ ಪಂದ್ಯವನ್ನು ಮೊದಲಿಂದ ಕೊನೆಯವರೆಗೆ ಕೂತು ನೋಡಿದವರು ಎಷ್ಟು? ಕಲಿಯಬೇಕಾದ್ದು ಇದ್ದದ್ದು ಅಲ್ಲಿ.

ಪೂಜಾ ತೋಮರ್ ವಿಷಯ ಇನ್ನೂ ಸ್ವಾರಸ್ಯ. 2024ರ ಜೂನ್ 8ರಂದು ಅಮೆರಿಕದ ಲೂಯಿವಿಲ್‌ನಲ್ಲಿ ರಯಾನೆ ಡೊಸ್ ಸಾಂಟೋಸ್ ಎದುರು ಗೆದ್ದು, ಯುಎಫ್‌ಸಿಯಲ್ಲಿ ಗೆದ್ದ ಭಾರತದ ಮೊದಲ ಹೆಣ್ಣುಮಗಳಾದರು. ತೀರ್ಪು: 30-27, 27-30, 29-28. ಅಂದರೆ ಒಬ್ಬ ತೀರ್ಪುಗಾರರ ಕಣ್ಣಿಗೆ ಮೂರೂ ಸುತ್ತು ಪೂಜಾದು, ಇನ್ನೊಬ್ಬರ ಕಣ್ಣಿಗೆ ಮೂರೂ ಸುತ್ತು ಎದುರಾಳಿಯದು. ವಿಮರ್ಶಕನಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? ನಾವು ಬರೆದದ್ದು 'ಇತಿಹಾಸ' ಅನ್ನುವ ಒಂದು ಪದ, ಹಾಕಿದ್ದು ಒಂದು ಬಾವುಟ.

ತೀರ್ಪಿನ ನಿಯಮ ಬ್ರಹ್ಮವಿದ್ಯೆಯೇನಲ್ಲ. ಸುತ್ತು ಗೆದ್ದವರಿಗೆ 10, ಸೋತವರಿಗೆ 9, ಸಾಕಷ್ಟು ಹಣ್ಣಾಗಿದ್ದರೆ 8. ಮೊದಲು ನೋಡಬೇಕಾದ್ದು ಪರಿಣಾಮ ಬೀರಿದ ಹೊಡೆತ ಮತ್ತು ಹಿಡಿತ. ಅದರಲ್ಲಿ ಇಬ್ಬರೂ ಸಮ ಅನ್ನಿಸಿದರೆ ಮಾತ್ರ ಯಾರು ಪರಿಣಾಮಕಾರಿಯಾಗಿ ಮುನ್ನುಗ್ಗಿದರು ಅಂತ. ಅದೂ ಸಮವಾದರೆ ಮಾತ್ರ ಪಂಜರದ ನೆಲವನ್ನು ಯಾರು ಆಳಿದರು ಅಂತ. ಇಷ್ಟು ಗೊತ್ತಿದ್ದರೆ ಶನಿವಾರದ ಮೂರನೇ ಪಂದ್ಯದಲ್ಲಿ ಹಿಂದೆ ಸರಿಯುತ್ತಲೇ ಹೊಡೆದವಳು ಯಾಕೆ ಗೆದ್ದಳು ಅಂತ ಜನಕ್ಕೆ ಅರ್ಥವಾಗುತ್ತಿತ್ತು. ಅದನ್ನು ಹೇಳಿಕೊಡಬೇಕಾದವರು ವಿಮರ್ಶೆ ಬರೆಯುವ ನಾವು. ಸಿಡಿಲು, ಬಿರುಗಾಳಿ ಅಂತ ಹವಾಮಾನ ವರದಿ ಬರೆಯುತ್ತ ಕೂತೆವು.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ಒಂದೊಂದಾಗಿ ನೋಡೋಣ.

'ಅವರು ವಯಸ್ಕರು, ಒಪ್ಪಿಯೇ ಸಹಿ ಹಾಕುತ್ತಾರೆ.' ಸಹಿ ಹಾಕುತ್ತಾರೆ, ನಿಜ. ಒಲ್ಲೆ ಅಂದರೆ ಮತ್ತೆ ಕರೆಯುವುದಿಲ್ಲ ಅನ್ನುವ ಭಯದಲ್ಲಿ ಹಾಕಿದ ಸಹಿ ಅದು. ಐಟಿ ಕಂಪನಿಗಳಲ್ಲಿ ಶನಿವಾರ ಭಾನುವಾರ 'ಸ್ವಇಚ್ಛೆಯಿಂದ' ಕೆಲಸ ಮಾಡಿದ ನಮಗೆ ಈ ಒಪ್ಪಿಗೆಯ ಬೆಲೆ ಗೊತ್ತಿರಬೇಕಿತ್ತು. ನಾವು ಕಳಕೊಂಡದ್ದು ನಿದ್ದೆ. ಅವನು ಪಣಕ್ಕಿಟ್ಟದ್ದು ತಲೆ. ಅದೂ ಎಷ್ಟಕ್ಕೆ? ಅವನಿಗೆ ಸಿಗಬೇಕಾದ ಹಣದಲ್ಲಿ ಒಂದು ಭಾಗ ಅವನೇ ಟಿಕೆಟ್ ಮಾರಿ ತಂದುಕೊಳ್ಳಬೇಕಿತ್ತು. ಎರಡೂವರೆ ದಿನದಲ್ಲಿ ಅವನು ತೂಕ ಇಳಿಸಬೇಕಿತ್ತೋ, ಟಿಕೆಟ್ ಮಾರಬೇಕಿತ್ತೋ?

'ನಿಯಮ ಬಿಗಿ ಮಾಡಿದರೆ ಸಣ್ಣ ಊರಿನ ಕಾರ್ಡುಗಳೇ ನಿಲ್ಲುತ್ತವೆ, ನಷ್ಟ ಬಡ ಹುಡುಗರಿಗೇ.' ಈ ಮಾತಿನಲ್ಲಿ ಸತ್ಯದ ಒಂದು ಎಳೆಯಿದೆ, ಅದನ್ನು ತಳ್ಳಿಹಾಕುವುದಿಲ್ಲ. ಸಣ್ಣ ಕಾರ್ಡುಗಳಿಲ್ಲದೆ ದೊಡ್ಡ ಆಟಗಾರರು ಹುಟ್ಟುವುದಿಲ್ಲ. ಆದರೆ ಸರಿಸಮ ಜೋಡಿ ಕಟ್ಟಲು ಖರ್ಚೆಷ್ಟು? ಒಂದು ಪಟ್ಟಿ, ಒಂದು ಫೋನ್, ಒಂದಿಷ್ಟು ಮಾನ. ನನ್ನ ಮಾವ ಒಂದು ಬೀಡಿ ಮುಗಿಯುವುದರೊಳಗೆ ಹತ್ತು ಜೋಡಿ ಕಟ್ಟುತ್ತಿದ್ದ. ಜೋಡಿ ಸಿಗದಿದ್ದರೆ ಪಂದ್ಯ ಕೈಬಿಡಿ. ಎಂಟರ ಬದಲು ಏಳು ಆಡಿಸಿದರೆ ಯಾರ ಗಂಟು ಹೋಗುತ್ತದೆ? ಉಳಿಸಿದ ಹಣದಲ್ಲಿ ಇನ್ನೊಬ್ಬ ವೈದ್ಯರನ್ನು ಕೂರಿಸಬಹುದು.

'ಇಂಥ ಕ್ರೂರ ಆಟವನ್ನೇ ನಿಷೇಧಿಸಿ.' ಇದು ನಮ್ಮ ಸಾಹಿತ್ಯಾಸಕ್ತರ ಉತ್ತರ. ಈ ಪತ್ರಿಕೆಯಲ್ಲಿ ಹೊಡೆದಾಟದ ಬಗ್ಗೆ ಯಾಕೆ ಬರೆಯುತ್ತೀರಿ ಅಂತ ಕೇಳುವವರದೂ ಇದೇ ಮಾತು. ನಿಷೇಧಿಸಿದರೆ ಆಟ ನಿಲ್ಲುವುದಿಲ್ಲ. ಗೋಡೌನಿಗೆ ಹೋಗುತ್ತದೆ, ಅಲ್ಲಿ ಒಬ್ಬ ವೈದ್ಯರೂ ಇರುವುದಿಲ್ಲ. ಇನ್ನು ಸಾಹಿತ್ಯದ ಮಾತು. ಹತ್ತನೇ ಶತಮಾನದ ರನ್ನ ತನ್ನ ಮಹಾಕಾವ್ಯವನ್ನೇ ಒಂದು ದ್ವಂದ್ವಯುದ್ಧದ ಸುತ್ತ ಕಟ್ಟಿದ. ಆ ಯುದ್ಧ ಮುಗಿಯುವುದು ತೊಡೆಗೆ ಬಿದ್ದ ಪೆಟ್ಟಿನಿಂದ. ಗದಾಯುದ್ಧದಲ್ಲಿ ಹೊಕ್ಕುಳ ಕೆಳಗೆ ಹೊಡೆಯುವುದು ನಿಯಮಬಾಹಿರ. ಮಹಾಭಾರತದಲ್ಲಿ ಬಲರಾಮ ನೇಗಿಲೆತ್ತಿ ಎದ್ದದ್ದು ಅದಕ್ಕೇ. ಗೆದ್ದವರ ಕಡೆಯೇ ತನ್ನ ತಮ್ಮನಿದ್ದ, ಆದರೂ ಎದ್ದ. ಸಾವಿರ ವರ್ಷದಿಂದ ಕನ್ನಡ ಓದುಗರು ಆ ಒಂದು ಪೆಟ್ಟಿನ ನ್ಯಾಯ ಅನ್ಯಾಯ ಮಾತಾಡುತ್ತ ಬಂದಿದ್ದಾರೆ. ಪುಣೆಯ ಪಂಜರದ ನ್ಯಾಯ ಮಾತಾಡಲು ಮಾತ್ರ ನಮಗೆ ಮಡಿ ಅಡ್ಡ ಬರುತ್ತದೆ.

ನನಗೆ ಈ ಆಟ ಬೇಕು. ಎರಡನೇ ಪಂದ್ಯದಲ್ಲಿ ತಟ್ಟಿ ಎದ್ದು ನಕ್ಕವನ ಮುಖ, ಮೂರನೇ ಪಂದ್ಯದ ಇಬ್ಬರು ಹೆಣ್ಣುಮಕ್ಕಳು ಗಂಟೆ ಬಾರಿಸಿದ ಮೇಲೆ ಒಬ್ಬರ ಹೆಗಲ ಮೇಲೆ ಒಬ್ಬರು ಒರಗಿದ್ದು, ಐದನೆಯದರ ಪೈಲ್ವಾನ ತನ್ನ ಗರಡಿಯ ಮಣ್ಣನ್ನೇ ಪಂಜರಕ್ಕೆ ತಂದದ್ದು, ಇವೆಲ್ಲ ಬೇರೆಲ್ಲೂ ಸಿಗುವುದಿಲ್ಲ. ಬೇಕು ಅನ್ನುವುದಕ್ಕೇ ಇಷ್ಟು ಜಗಳ.

ಹಾಗಾಗಿ ಇನ್ನು ಮುಂದೆ ಈ ಜಾಗದಲ್ಲಿ ನಾನು ಬರೆಯುವ ಪ್ರತಿ ವಿಮರ್ಶೆಯಲ್ಲೂ ಪಂದ್ಯದ ಕಥೆಗೆ ಮೊದಲು ಐದು ಸಂಗತಿ ಇರುತ್ತವೆ. ಇಬ್ಬರಿಗೂ ಎಷ್ಟೆಷ್ಟು ಪಂದ್ಯಗಳ ಅನುಭವ. ಪಂದ್ಯ ಗೊತ್ತಾದದ್ದು ಎಷ್ಟು ದಿನ ಮುಂಚೆ. ಅಷ್ಟರಲ್ಲಿ ಇಳಿಸಿದ ತೂಕ ಎಷ್ಟು. ವೈದ್ಯರು ಎಷ್ಟು ಜನ, ಬಾಗಿಲಲ್ಲಿ ಆಂಬುಲೆನ್ಸ್ ಇತ್ತೇ. ಬಿದ್ದವರಿಗೆ ಎಷ್ಟು ದಿನ ಆಡಬೇಡ ಅಂದರು, ಅಂದವರು ಯಾರು. ಉತ್ತರ ಕೊಡದ ಆಯೋಜಕನ ಕಾರ್ಡಿಗೆ ಉತ್ತರ ಕೊಡಲಿಲ್ಲ ಅಂತಲೇ ಬರೆಯುತ್ತೇನೆ. ಪಾಸ್ ಕೊಡುವುದು ನಿಲ್ಲಿಸಿದರೆ ಟಿಕೆಟ್ ಕೊಂಡು ಹೋಗುತ್ತೇನೆ. ಹೈದರಾಬಾದಿನಲ್ಲಿ, ದೆಹಲಿಯಲ್ಲಿ, ಚೆನ್ನೈಯಲ್ಲಿ ಇಂಥ ಕಾರ್ಡುಗಳಿಗೆ ಹೋಗುವ ಓದುಗರು ನೀವಿದ್ದೀರಿ. ನೀವೂ ಕೇಳಿ. ಮುಂದಿನ ಸಲ ಯಾರಾದರೂ ಮೂವತ್ತು ಸೆಕೆಂಡಿನ ವಿಡಿಯೋ ಕಳಿಸಿದರೆ, ಬೆಂಕಿಯ ಚಿತ್ರ ಒತ್ತುವ ಮೊದಲು ಒಂದು ಸಾಲು ಟೈಪ್ ಮಾಡಿ: ಈ ಜೋಡಿ ಕಟ್ಟಿದವರು ಯಾರು?

ಶನಿವಾರದ ಅಂಕಗಳು. ಒಂದು, ಎರಡು, ಮೂರು, ಐದು, ಆರು, ಎಂಟನೇ ಜೋಡಿಗಳಿಗೆ ಐದರಲ್ಲಿ ನಾಲ್ಕು. ನಾಲ್ಕನೆಯದಕ್ಕೂ ಏಳನೆಯದಕ್ಕೂ ಸೊನ್ನೆ. ಈ ಎಂಟೂ ಅಂಕಗಳು ಜೋಡಿ ಕಟ್ಟಿದವರಿಗೆ ಸೇರಿದ್ದು. ಒಬ್ಬರೇ ವೈದ್ಯರನ್ನು ಇಟ್ಟದ್ದಕ್ಕೆ ಇನ್ನೊಂದು ಸೊನ್ನೆ. ಇದ್ದ ಆ ವೈದ್ಯರಿಗೆ, ಬೈಗುಳ ತಿಂದೂ ಪಂದ್ಯ ನಿಲ್ಲಿಸಿದ್ದಕ್ಕೆ, ಐದಕ್ಕೆ ಐದು.

ಈ ಬರಹ ಕಳಿಸುವ ಮೊದಲು ವಿಜಯಪುರದ ಹುಡುಗನಿಗೆ ಫೋನ್ ಮಾಡಿದೆ. ತಲೆನೋವು ಕಡಿಮೆಯಾಗಿದೆಯಂತೆ, ಬೆಳಕು ಕಂಡರೆ ಇನ್ನೂ ಕಣ್ಣು ಮುಚ್ಚಬೇಕೆನಿಸುತ್ತದಂತೆ. ನಿನ್ನ ವಿಷಯ ಬರೆಯಲೇ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹೆಸರ ಹಾಕಬ್ಯಾಡ್ರಿ ಅಣ್ಣಾ. ಆದ್ರ ನಾ ನೀರ ಬಿಟ್ಟಿದ್ದು ಬರೀರಿ. ಇಲ್ಲಾಂದ್ರ ವಿಡಿಯೋ ನೋಡಿದ ಮಂದಿ ನಂಗ ಏನೂ ಬರೂದಿಲ್ಲ ಅಂತ ತಿಳ್ಕೋತಾರ."